ಉಲುವಾಟುವಿನಲ್ಲಿ ಯುಜಿನಿಯಾ

ನನ್ನ ಹೆಂಡತಿ ಯುಜಿನಿಯಾ ಹುಟ್ಟಿ ಬೆಳೆದದ್ದು ಉಳ್ಳಾಲದ ಕಡಲ ಪಕ್ಕದಲ್ಲೇ. ಆದರೂ ಐವತ್ತು ದಾಟುವವರೆಗೆ ಕಡಲ ನೀರು ಅವಳ ಮೊಣಕಾಲಿಗಿಂತ ಮೇಲೆ ಏರಿರಲಿಲ್ಲ. ಅಣ್ಣಂದಿರು ಅಲೆಗೆ ಹಾರುತ್ತಿದ್ದಾಗ ಇವಳು ದಡದಲ್ಲಿ ನಿಂತಿರಬೇಕಿತ್ತು, ಹುಡುಗಿಯರಿಗೆ ಅಷ್ಟೇ. ಈ ಕತೆಯನ್ನು ಅವಳು ಮದುವೆಯಾದ ಲಾಗಾಯ್ತು ನನಗೆ ಹೇಳುತ್ತಲೇ ಇದ್ದಾಳೆ, ತಡೆದವನು ನಾನೇ ಎಂಬಂತೆ!

ನಾವಿರುವುದು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ. ನಾನು ಬಸ್ ಓಡಿಸುತ್ತೇನೆ, ಅವಳು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಒಮ್ಮೆ ಅಲ್ಲಿನ ಅಜ್ಜಿಯರನ್ನು ಮ್ಯಾನ್ಲಿ ಬೀಚಿಗೆ ಕರೆದುಕೊಂಡು ಹೋದಾಗ, ತಲೆ ಪೂರ್ತಿ ಬೆಳ್ಳಗಾದ ಹೆಂಗಸೊಬ್ಬಳು ಸರ್ಫ್‌ಬೋರ್ಡ್ ಮೇಲೆ ನಿಂತು ಬರುವುದನ್ನು ಇವಳು ಕಂಡಳಂತೆ. ಮನೆಗೆ ಬಂದವಳೇ, "ನಾನೂ ಕಲಿಯುದು," ಎಂದಳು.

ನಮ್ಮ ಮನೆಮಾತು ಕೊಂಕಣಿಯಾದರೂ ಜಗಳಕ್ಕೆ ಒದಗುವುದು ಕನ್ನಡವೇ.

"ನಿನಗೆಂತ ಮರ್ಲಾ ಮಾರಾಯ್ತಿ? ಮೊದಲು ಮಂಡಿನೋವಿನ ಮಾತ್ರೆ ತಗೋ," ಎಂದೆ.

"ಮಾತ್ರೆ ತಗೊಂಡೇ ಹೋಗುದು," ಎಂದಳು.

ಹೋದಳು. ಪ್ರತಿ ಶನಿವಾರ ಟ್ರೈನು, ಅದರ ಮೇಲೆ ಫೆರ್ರಿ. ಅಲ್ಲಿಯ ನೀರು ಮಂಜುಗಡ್ಡೆಯಂತಿರುವುದರಿಂದ ಕುತ್ತಿಗೆಯಿಂದ ಪಾದದವರೆಗೆ ಕಪ್ಪು ರಬ್ಬರ್ ಸೂಟು. ನಾನು ನೀರುನಾಯಿ ಎಂದು ಕರೆದದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಬಿದ್ದು ಬಿದ್ದು ಕೊನೆಗೂ ನಿಲ್ಲಲು ಕಲಿತಳು. ಅಷ್ಟಕ್ಕೆ ಸುಮ್ಮನಿರಬಾರದೇ? ಬಾಲಿಯ ಉಲುವಾಟುವಿನ ವಿಡಿಯೋ ನೋಡಿ, "ಅಲ್ಲಿಯ ಒಂದೇ ಒಂದು ಅಲೆ ನನಗೆ ಬೇಕು," ಎಂದು ಹಟ ಹಿಡಿದಳು.

ನಮ್ಮ ಮಗಳು ಆನ್ಸಿಲ್ಲಾ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಫಿಸಿಯೋಥೆರಪಿಸ್ಟ್. ಅವಳು ಫೋನಿನಲ್ಲೇ ಬೈದಳು. "ಮಮ್ಮಾ, ಇಟ್ಸ್ ಎ ರೀಫ್! ಕೆಳಗೆ ಮರಳಿಲ್ಲ, ಹವಳದ ಬಂಡೆ. ಬಿದ್ದರೆ ಚರ್ಮ ಕಿತ್ತು ಬರುತ್ತೆ." ಬೈದು ಮುಗಿಸಿ ಮೂವರಿಗೂ ಟಿಕೆಟ್ ಬುಕ್ ಮಾಡಿದಳು. ತಾಯಿಗೆ ತಕ್ಕ ಮಗಳು.

ಉಲುವಾಟುವಿನಲ್ಲಿ ಕಡಲು ಬಂಡೆಗೋಡೆಯ ಬುಡದಲ್ಲಿದೆ. ಮೆಟ್ಟಿಲಿಳಿದು, ಗುಹೆಯೊಂದರ ಒಳಗಿಂದ ನೀರಿಗೆ ಇಳಿಯಬೇಕು. ನೋಡುವವರಿಗೆ ಮೇಲೆ ಚಹಾದಂಗಡಿಗಳಿವೆ. ಈಜು ಬಾರದ ನಾನು ಅಲ್ಲಿ ಕುಳಿತು, ಒಂದೊಂದು ಅಲೆ ಮುರಿದು ಬೀಳುವಾಗಲೂ ಜಪಮಾಲೆಯ ಒಂದೊಂದು ಮಣಿ ಸರಿಸಿದೆ. ಮೊದಲ ದಿನ ಅಲೆ ದೊಡ್ಡದಿತ್ತು, ಯಾರೂ ಅವಳನ್ನು ಇಳಿಯಲು ಬಿಡಲಿಲ್ಲ. ನನ್ನ ಪ್ರಾರ್ಥನೆ ಫಲಿಸಿತೆಂದುಕೊಂಡೆ.

ಮರುದಿನ ಕಡಲು ಶಾಂತವಾಯಿತು. ಗೈಡ್ ವಯಾನ್ ನಗುನಗುತ್ತಾ ಅವಳನ್ನು ಕರೆದುಕೊಂಡು ಹೋದ. ಮ್ಯಾನ್ಲಿಯಲ್ಲಿ ಅಷ್ಟು ಚೆನ್ನಾಗಿ ನಿಲ್ಲುತ್ತಿದ್ದವಳು ಇಲ್ಲಿ ಬೋರ್ಡಿನ ಮೇಲೆ ಮಲಗಲೂ ಆಗದೆ ಜಾರಿದಳು. ಹತ್ತಿದಳು, ಜಾರಿದಳು. ಒಮ್ಮೆ ಮೊಣಕೈ ಹವಳಕ್ಕೆ ತರಚಿತು. ಕೊನೆಗೆ ವಯಾನ್ ನೀರಿನ ಮೇಲೆ ತೇಲುತ್ತಿದ್ದ ಬಣ್ಣಬಣ್ಣದ ಜಿಡ್ಡನ್ನು ನೋಡಿ, ಅವಳ ತೋಳು ಮೂಸಿ, "ಮಮ್ಮಾ, ಯು ಕುಕಿಂಗ್?" ಎಂದನಂತೆ.

ವಿಷಯ ಇಷ್ಟೇ. ನಮ್ಮ ಕರಾವಳಿಯಲ್ಲಿ ಕಡಲ ಸ್ನಾನಕ್ಕೆ ಹೊರಟ ಮಕ್ಕಳಿಗೆ ಉಪ್ಪು ಕಚ್ಚಬಾರದೆಂದು ತಾಯಂದಿರು ಮೈಯಿಡೀ ತೆಂಗಿನೆಣ್ಣೆ ಹಚ್ಚಿ ಕಳಿಸುತ್ತಾರೆ. ಮ್ಯಾನ್ಲಿಯಲ್ಲಿ ರಬ್ಬರ್ ಸೂಟಿದ್ದುದರಿಂದ ಅದರ ಅಗತ್ಯ ಬಿದ್ದಿರಲಿಲ್ಲ. ಇಲ್ಲಿ ಬೆಚ್ಚಗಿನ ನೀರು, ಚಡ್ಡಿ, ಟೀಶರ್ಟು. ಯುಜಿನಿಯಾ ಬೆಳಿಗ್ಗೆಯೇ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಒಂದು ಬಾಟಲಿ ಎಣ್ಣೆಯನ್ನು ಅಂಗೈಯಿಂದ ಅಂಗಾಲಿನವರೆಗೆ ತಿಕ್ಕಿಕೊಂಡು ಬಂದಿದ್ದಳು.

ಆನ್ಸಿಲ್ಲಾ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನಾನೂ ನಕ್ಕೆ. ಯುಜಿನಿಯಾ ನಗಲಿಲ್ಲ. ಮರುದಿನ ಸಂಜೆಗೆ ನಮ್ಮ ವಿಮಾನ. ಉಳಿದದ್ದು ಒಂದು ಬೆಳಗು ಮಾತ್ರ. ಅವಳ ಕಣ್ಣು ಒದ್ದೆಯಾದದ್ದನ್ನು ನೋಡಿ ನಾನು ನಗು ನಿಲ್ಲಿಸಿದೆ.

"ಸಾಬೂನು ತನ್ನಿ ಮಾರಾಯ್ರೆ," ಎಂದಳು. "ಬೆನ್ನು ಉಜ್ಜಿ. ಆಮೇಲೆ ಬೋರ್ಡು."

'ಸಾಕು ಬಿಡು, ಕೈ ಬೇರೆ ತರಚಿದೆ' ಎಂದುಬಿಟ್ಟಿದ್ದರೆ ಅವಳು ಬಿಡುತ್ತಿದ್ದಳೋ ಏನೋ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನಗೆ ನಿಜವಾಗಿಯೂ ಹೆದರಿಕೆಯಿತ್ತು, ಈ ಹೆಂಗಸು ಇಲ್ಲದೆ ಬ್ಲ್ಯಾಕ್‌ಟೌನ್‌ನ ಮನೆಗೆ ಕಾಲಿಡುವುದನ್ನು ಯೋಚಿಸಲೂ ನನ್ನಿಂದಾಗದು. ಆದರೂ ಸಾಬೂನು ತಂದೆ. ಅವಳ ಬೆನ್ನು ಉಜ್ಜಿದೆ. ಆಮೇಲೆ ನಾವು ಇಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೋರ್ಡಿನ ಮೇಲೆ ಎಣ್ಣೆಯಿಂದ ಹಾಳಾದ ಹಳೆಯ ಮೇಣ ಕೆರೆದು, ತೊಳೆದು ಒರೆಸಿ, ಕಾಲು ಜಾರದಂತೆ ಹೊಸ ಮೇಣ ತಿಕ್ಕಿದೆ. ಭುಜ ಬಿದ್ದುಹೋಯಿತು.

ಬೆಳಿಗ್ಗೆ ಭರತದ ನೀರು ಏರಿದ ಹೊತ್ತಿಗೆ ಅವಳು ಇಳಿದಳು. ನಾನು ಮೇಲೆ ಚಹಾ ಮುಂದಿಟ್ಟುಕೊಂಡು ಕುಡಿಯದೆ ಕುಳಿತೆ. ಎರಡು ಅಲೆ ಬಿಟ್ಟಳು. ಮೂರನೆಯದಕ್ಕೆ ವಯಾನ್ ಏನೋ ಕೂಗಿದ. ಅವಳು ಕೈ ಬೀಸಿ ಬೀಸಿ ನೀರು ಎಳೆದಳು, ಒಂದು ಮಂಡಿ ಊರಿದಳು, ಎದ್ದು ನಿಂತಳು. ನಿಂತೇಬಿಟ್ಟಳು! ಹಸಿರು ನೀರಿನ ಇಳಿಜಾರಿನ ಮೇಲೆ ನನ್ನ ಹೆಂಡತಿ, ಸೊಂಟ ಬಗ್ಗಿಸಿ, ಬಾಯಿ ತೆರೆದು. ನಾನು ಪಕ್ಕದ ಯಾರದೋ ತೋಳು ಹಿಡಿದು, "ಮೈ ವೈಫ್! ಮೈ ವೈಫ್!" ಎಂದು ಕಿರುಚುತ್ತಿದ್ದೆ.

ಅಲೆ ಮುಗಿಯಿತು. ಈಗ ನಮ್ಮ ಕಡೆ ನೋಡುತ್ತಾಳೆಂದು ಕೈ ಎತ್ತಿದೆ. ಅವಳು ನೋಡಲಿಲ್ಲ. ಬೋರ್ಡು ತಿರುಗಿಸಿ, ಅದರ ಮೇಲೆ ಮಲಗಿ, ಮತ್ತೆ ಕಡಲಿಗೇ ಹೊರಟಳು. ಇಷ್ಟು ವರ್ಷಗಳಲ್ಲಿ ನನ್ನ ಮುಖ, ಮಗಳ ಮುಖ ನೋಡದೆ ಒಂದು ಕರ್ಟನ್ ಬಟ್ಟೆ ಕೂಡ ಆರಿಸಿದವಳಲ್ಲ ಅವಳು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ಡ್ಯಾಡಿ, ಒಂದೇ ಅಲೆ ಅಂದಿದ್ಲಲ್ಲ? ಶಲ್ ಐ ಕಾಲ್ ಹರ್?" ಎಂದಳು ಆನ್ಸಿಲ್ಲಾ.

"ಕರೆಯುದು ಬೇಡ," ಎಂದೆ. "ತಿಂಡಿ ನಾವಿಬ್ಬರೇ ತಿನ್ನುವ."