ಸಂಗಮ್ಮನ ಹೊಲದ ಮಣ್ಣು ಹೊತ್ತ ದಿನ

ದೆವ್ವ, ಗಾಳಿ, ಮೈಮೇಲೆ ಬರುವ ದೇವರು, ಇಂಥ ಮಾತು ಶುರುವಾದರೆ ನಾನು ಚಹಾದ ನೆಪ ಹೇಳಿ ಎದ್ದು ಹೋಗುವವನು. ಜಮೀನು ಅಳೆಯುವುದು ನನ್ನ ಕಸುಬು. ಟೇಪು ಎಷ್ಟು ತೋರಿಸುತ್ತದೋ ಅಷ್ಟೇ ನಿಜ, ಮಿಕ್ಕಿದ್ದೆಲ್ಲ ಕೆಲಸವಿಲ್ಲದವರ ಹರಟೆ ಎಂದು ಎಷ್ಟೋ ಜನರೆದುರು ಜಂಬದಿಂದ ಹೇಳಿದ್ದೇನೆ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅದು ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ನಿನ್ನೆ ಜೋಳ ಬಿತ್ತಿದ ಹೊಲದ ಬದುವಿನಲ್ಲಿ ಇವತ್ತು ಟೈ ಕಟ್ಟಿದವರು ನಿಂತಿರುತ್ತಿದ್ದರು. ನಾನು ಬೀದರ್ ಕಡೆಯವನು. ದಿಲ್‌ಸುಖ್‌ನಗರದಲ್ಲಿ ಕೋಣೆ ಹಿಡಿದು ಖಾಸಗಿಯಾಗಿ ಸರ್ವೆ ಮಾಡುತ್ತಿದ್ದೆ. ಕೈತುಂಬ ಕೆಲಸ. ಯಾರು ಕರೆದರೂ ಹೋಗುತ್ತಿದ್ದೆ, ಅವರು ಎಂಥವರು ಎಂದು ವಿಚಾರಿಸುತ್ತಿರಲಿಲ್ಲ.

ಹಾಗೆ ಒಂದು ದಿನ ಜೀಪಿನಲ್ಲಿ ಬಂದವರು ನನ್ನನ್ನು ಕೂರಿಸಿಕೊಂಡು ಹೋದರು. ಅವರ ನಾಯಕನನ್ನು ಎಲ್ಲರೂ ತೆಲುಗಿನಲ್ಲಿ ‘ಅನ್ನ’, ಅಂದರೆ ಅಣ್ಣ, ಎನ್ನುತ್ತಿದ್ದರು. ಅವನ ಸೊಂಟದಲ್ಲಿ ಪಿಸ್ತೂಲು. ನನ್ನ ಕಾಲಡಿಯ ಗೋಣಿಚೀಲ ಖಣಖಣ ಸದ್ದು ಮಾಡಿತೆಂದು ಬಗ್ಗಿ ನೋಡಿದರೆ ಒಳಗೆ ತಲವಾರುಗಳು! ಅಲ್ಲೇ ಇಳಿದುಬಿಡಬೇಕಿತ್ತು. ಇಳಿಯಲು ಧೈರ್ಯ ಬರಲಿಲ್ಲ.

ಹೊಲ ಸಂಗಮ್ಮ ಎಂಬ ವಿಧವೆಯದು, ಮೂರು ಎಕರೆ. ಅದಕ್ಕೆ ತಗುಲಿದ ದೊಡ್ಡ ಜಮೀನನ್ನು ಅನ್ನ ಆಗಲೇ ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಎರಡರ ನಡುವಿನ ಗಡಿ ಯಾವುದು ಎಂಬುದಷ್ಟೇ ತಕರಾರು. ಗಡಿಯ ಒಂದು ತುದಿಗೆ ಹುಟ್ಟುಬಂಡೆಯಿತ್ತು, ಅದನ್ನು ಎರಡೂ ಕಡೆಯವರು ಒಪ್ಪುತ್ತಿದ್ದರು. ಇನ್ನೊಂದು ತುದಿಯ ಗಡಿಕಲ್ಲನ್ನು ಅನ್ನನೇ ತೋರಿಸಿದ. ಬಂಡೆಯಿಂದ ಆ ಕಲ್ಲಿಗೆ ಗೆರೆ ಎಳೆದೆ. ಹಾಗೆ ಎಳೆದರೆ ಸಂಗಮ್ಮನ ಮೂರೂ ಎಕರೆ ಅನ್ನನ ಪಾಲಿಗೆ ಹೋಗುತ್ತಿತ್ತು. ನಕ್ಷೆಗೆ ಸಹಿ ಹಾಕುವ ಹೊತ್ತಿಗೆ ಆಕೆ ಏದುಸಿರು ಬಿಡುತ್ತ ಬಂದಳು. ಆಕೆಯ ತವರು ಹುಮನಾಬಾದ್ ಕಡೆಯದು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿತ್ತೆಂದು ಕಾಣುತ್ತದೆ.

“ಸಾಹೇಬ್ರ, ನೀವು ನಮ್ಮ ಕಡಿಯವ್ರು ಅದೀರಿ. ಆ ಕಲ್ಲು ಅಲ್ಲಿ ಇದ್ದಿಲ್ರಿ. ಕೆಳಗ ಅಗದು ನೋಡ್ರಿ, ಇದ್ದಲಿ ಐತೇನಂತ.”

ಆಕೆ ಕೇಳಿದ್ದು ನ್ಯಾಯವಾಗಿತ್ತು. ನಮ್ಮ ಸೀಮೆಯಲ್ಲಿ ಗಡಿಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಇದ್ದಿಲು, ಮಡಕೆಯ ಚೂರು ಹಾಕುತ್ತಾರೆ. ಕಲ್ಲನ್ನು ಯಾರಾದರೂ ಕಿತ್ತು ಸರಿಸಬಹುದು, ಇದ್ದಿಲು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಕಲ್ಲನ್ನು ನಂಬುವ ಮೊದಲು ಅದರ ಬುಡ ಅಗೆದು ನೋಡು ಎನ್ನುವುದು ನಾನು ಕಲಿತ ಮೊದಲ ಪಾಠ. ಆ ದಿನ ಅಗೆಯಲಿಲ್ಲ. ಅನ್ನ ಅವಸರ ಮಾಡುತ್ತಿದ್ದ, ಜೀಪಿನಲ್ಲಿ ಬಿರಿಯಾನಿ ಆರುತ್ತಿತ್ತು, ನನಗೆ ಹಸಿವಾಗಿತ್ತು. ಥೂ, ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸಹಿ ಹಾಕಿ ಉಂಡು ಬಂದೆ.

ಮರುದಿನವೇ ಅವರು ಜೆಸಿಬಿ ತಂದು ಬದು, ಬೇವಿನ ಮರ, ಉಳಿದ ಗಡಿಕಲ್ಲುಗಳನ್ನೆಲ್ಲ ಕಿತ್ತು ಹೊಲವನ್ನು ಸಪಾಟು ಮಾಡಿಬಿಟ್ಟರು. ಉಳಿದದ್ದು ಹುಟ್ಟುಬಂಡೆ ಮಾತ್ರ. ತಾವು ತೋರಿಸಿದ ಕಲ್ಲಿನ ಜಾಗದಲ್ಲಿ ಬಿದಿರಿನ ಗಳಕ್ಕೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದರು.

ಭಾನುವಾರ ಬೆಳಿಗ್ಗೆ ಮತ್ತೆ ನನ್ನನ್ನು ಕರೆಸಿದರು. ಪಂಚನಾಮೆಗೆ ಊರಿನ ಹಿರಿಯರ ಸಹಿ ಬೇಕಿತ್ತು. ಹಿರಿಯರೆಲ್ಲ ತಲೆ ತಗ್ಗಿಸಿ ನಿಂತಿದ್ದರು, ಸುತ್ತ ಬಂದೂಕು ಹಿಡಿದವರು. ಹಿರಿಯರೊಳಗೆ ಮಲ್ಲಯ್ಯ ಎಂಬ ಮುದುಕ ಒಬ್ಬನೇ ಕೈಮುಗಿದು ತೆಲುಗಿನಲ್ಲಿ ಹೇಳಿದ: ಊರಿನ ಪದ್ಧತಿಯಂತೆ ಯಾರಾದರೂ ಮಣ್ಣು ಹೊತ್ತು ಗಡಿ ನಡೆಯಲಿ, ಆಮೇಲೆ ಎಲ್ಲರೂ ಸಹಿ ಹಾಕುತ್ತೇವೆ.

ಪದ್ಧತಿ ಇಷ್ಟು. ಗಡಿಯ ತಕರಾರು ಬಂದಾಗ, ಎರಡೂ ಕಡೆಗೆ ಸಂಬಂಧವಿಲ್ಲದ ಒಬ್ಬ ಆ ಹೊಲದ ಮಣ್ಣನ್ನು ತಲೆಯ ಮೇಲೆ ಹೊತ್ತು ಗಡಿಯ ಮೇಲೆ ನಡೆಯಬೇಕು. ಮಾತಾಡಬಾರದು, ನೆಲ ನೋಡಬಾರದು. ಸುಳ್ಳು ನಡೆದರೆ ಅವನ ಮನೆ ಹಾಳಾಗುತ್ತದೆ ಎಂದು ನಂಬಿಕೆ. ಊರಿನವರು ಯಾರೂ ಮುಂದೆ ಬರಲಿಲ್ಲ. ಸುಳ್ಳು ನಡೆದರೆ ಮನೆ ಹಾಳು, ನಿಜ ನಡೆದರೆ ತಲವಾರು. ಯಾರು ಬಂದಾರು?

ಅನ್ನ ಗಹಗಹಿಸಿ ನಕ್ಕು, “ಹಮಾರಾ ಸರ್ವೆಯರ್ ಸಾಬ್ ಉಠಾತೇ!” ಎಂದ, ನಮ್ಮ ಸರ್ವೆಯರ್ ಸಾಹೇಬರೇ ಹೊರುತ್ತಾರೆ ಎಂದು. ಅವನ ಹುಡುಗರೂ ನಕ್ಕರು. ನಾನು ಅನ್ನ ಕರೆಸಿದವನೆಂದು ಗೊತ್ತಿದ್ದರೂ, ಹೊರಗಿನವನೆಂದು ಹಿರಿಯರು ಒಪ್ಪಿದರು.

ಬುಟ್ಟಿಗೆ ಮಣ್ಣು ತುಂಬಿದವಳು ಸಂಗಮ್ಮನೇ. ನನ್ನ ತಲೆಗೆ ಎತ್ತಿಡುತ್ತ, “ನನಗ ಬ್ಯಾರೆ ಹೊಲ ಇಲ್ರಿ ಸಾಹೇಬ್ರ,” ಎಂದಳು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನಾನು ಸುಳ್ಳು ನಡೆಯಲೆಂದೇ ಹೊರಟಿದ್ದೆ. ಕಲ್ಲನ್ನು ಸರಿಸಿದ್ದಾರೆ ಎಂದು ಆಗಲೇ ನನಗೆ ಅನುಮಾನವಿತ್ತು. ಆದರೂ ಬಂಡೆಯಿಂದ ಕೆಂಪು ಬಟ್ಟೆಯವರೆಗೆ ನೆಟ್ಟಗೆ ನಡೆದು, ಬುಟ್ಟಿ ಇಳಿಸಿ, ಜೀವ ಉಳಿಸಿಕೊಂಡು ಮನೆ ಸೇರುವುದೊಂದೇ ತಲೆಯಲ್ಲಿತ್ತು. ಬಂಡೆಗೆ ಬೆನ್ನು ಮಾಡಿ ನಿಂತೆ. ಕೆಂಪು ಬಟ್ಟೆ ಮೂಗಿನ ನೇರಕ್ಕೆ ಕಾಣುತ್ತಿತ್ತು. ಅದರ ಮೇಲೆ ಕಣ್ಣು ನೆಟ್ಟು ಹೊರಟೆ. ಕಸುಬಿನ ಅಭ್ಯಾಸದಂತೆ ಹೆಜ್ಜೆ ಎಣಿಸುತ್ತಿದ್ದೆ.

ಐವತ್ತು ಹೆಜ್ಜೆಯವರೆಗೆ ಹಿಂದಿನಿಂದ ನಗು ಕೇಳುತ್ತಿತ್ತು. ಆಮೇಲೆ ನಿಂತುಹೋಯಿತು. ಯಾರೋ ಕೂಗಿದ ಹಾಗಾಯಿತು, ತಿರುಗಲಿಲ್ಲ. ಕೆಂಪು ಬಟ್ಟೆ ಎದುರಿಗೇ ಇತ್ತು, ಹತ್ತಿರವಾಗುತ್ತ ಬರುತ್ತಿತ್ತು. ಒಂದು ಸಲವೂ ಅದು ನನ್ನ ಕಣ್ಣು ತಪ್ಪಲಿಲ್ಲ, ಇದನ್ನು ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ. ಮುನ್ನೂರರ ಹತ್ತಿರ ಕಾಲು ಭಾರವಾಯಿತು. ಇನ್ನೊಂದು ಹೆಜ್ಜೆ ಎತ್ತಲು ಆಗಲಿಲ್ಲ. ಬಂದುಬಿಟ್ಟೆ ಎಂದುಕೊಂಡು ಬುಟ್ಟಿ ಇಳಿಸಿ, ಕಣ್ಣಿಗಿಳಿದ ಬೆವರು ಒರೆಸಿಕೊಂಡು ನೋಡಿದರೆ ಎದುರಿಗೆ ಬಯಲು. ಕೆಂಪು ಬಟ್ಟೆ ನನ್ನ ಎಡಕ್ಕೆ, ನೂರು ಹೆಜ್ಜೆಗಿಂತ ದೂರದಲ್ಲಿ ಹಾರಾಡುತ್ತಿತ್ತು.

ಹಿಂತಿರುಗಿ ನೋಡಿದೆ. ಹದ ಮಾಡಿದಂತಿದ್ದ ಹೊಸ ಮಣ್ಣಿನಲ್ಲಿ ನನ್ನ ಹೆಜ್ಜೆಗಳು ಬಂಡೆಯಿಂದ ಇಲ್ಲಿಯವರೆಗೆ ದಾರ ಹಿಡಿದು ನಡೆದ ಹಾಗೆ ನೆಟ್ಟಗೆ ಮೂಡಿದ್ದವು. ಎಲ್ಲೂ ತಿರುವಿಲ್ಲ, ತಡವರಿಸಿದ ಗುರುತಿಲ್ಲ.

ಮಲ್ಲಯ್ಯ ಹಾರೆ ಹಿಡಿದು ಬಂದು ನಾನು ನಿಂತಲ್ಲೇ ಅಗೆದ. ಯಾರೂ ತಡೆಯಲಿಲ್ಲ. ಎರಡಡಿ ಆಳದಲ್ಲಿ ಕಪ್ಪಗೆ ಇದ್ದಿಲು, ಜೊತೆಗೆ ಮಡಕೆಯ ಚೂರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನನ್ನದೇ ಹೆಜ್ಜೆ ಹಿಡಿದು ವಾಪಸು ಹೋಗಿ, ನಡುವಿನ ಗಡಿಕಲ್ಲು ಇರಬೇಕಾದ ಕಡೆ ಅಗೆಸಿದೆ. ಅಲ್ಲೂ ಇದ್ದಿಲು. ಸಂಗಮ್ಮ ಅದರ ಮುಂದೆ ಕೂತು ಅಳತೊಡಗಿದಳು.

ಅನ್ನ ಒಂದು ಚೂರು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದ. ಅವನ ಮುಖವೂ ಬಿಳಿಚಿತ್ತು. ನನ್ನನ್ನು ಹೊಡೆದೇಬಿಡುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಹತ್ತಿರ ಬಂದು, “ಕಾಗಜ್ ಮೇ ಜೋ ಹೈ, ವಹೀಚ್ ರಹನಾ,” ಎಂದ. ಕಾಗದದಲ್ಲಿರುವುದೇ ಇರಬೇಕು ಎಂದು. ಪಂಚನಾಮೆಯನ್ನು ಅಲ್ಲೇ ಬಿಟ್ಟು ಎಲ್ಲರೂ ಜೀಪು ಹತ್ತಿದರು.

ಇದನ್ನು ನಾನು ಎಷ್ಟೋ ಥರ ಬಗೆಹರಿಸಿಕೊಳ್ಳಲು ನೋಡಿದ್ದೇನೆ. “ತಲೆ ಮ್ಯಾಲ ಭಾರ, ಹೊಟ್ಟ್ಯಾಗ ಅಂಜಿಕಿ, ಕಾಲು ಸೊಟ್ಟ ಹೋಗ್ಯಾವ, ಅಷ್ಟ,” ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಸೊಟ್ಟ ಹೋದ ಕಾಲು ಸರಿಯಾಗಿ ಇದ್ದಿಲಿನ ಮೇಲೇ ಬಂದು ನಿಲ್ಲುತ್ತದೆಯೇ? ನಾನು ಆ ಹೊಲದ ಹಳೆಯ ಸರ್ಕಾರಿ ನಕ್ಷೆಯನ್ನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೆ ತೆಗೆಸಿ ನೋಡಿದೆ. ನನ್ನ ಹೆಜ್ಜೆಗೂ ಅದಕ್ಕೂ ಒಂದು ಗೇಣೂ ವ್ಯತ್ಯಾಸವಿರಲಿಲ್ಲ.

ಮುಂದಿನ ತಿಂಗಳು ಕಂದಾಯ ಕಚೇರಿಯಲ್ಲಿ ಗಡಿ ತಕರಾರಿನ ವಿಚಾರಣೆ ನಡೆಯಿತು. ಸಂಗಮ್ಮ ತವರಿನಿಂದ ಅಣ್ಣನನ್ನು ಕರೆಸಿಕೊಂಡು ಬಂದಿದ್ದಳು. ನನ್ನನ್ನು ಕಂಡು ಆಕೆಯ ಮುಖ ಅರಳಿತು. ಅಗೆದ ಗುಂಡಿಗಳನ್ನು ಅಷ್ಟರಲ್ಲಿ ಜೆಸಿಬಿಯವರು ಕೆದಕಿ ಹಾಳು ಮಾಡಿದ್ದರು. ಮಲ್ಲಯ್ಯ ಊರು ಬಿಟ್ಟಿದ್ದ, ಉಳಿದವರಿಗೆ ಏನೂ ನೆನಪಿರಲಿಲ್ಲ. ಹಳೆಯ ನಕ್ಷೆ ತರಿಸಿ ನೋಡುವ ಗೋಜಿಗೆ ಕಚೇರಿಯವರು ಹೋಗಿರಲಿಲ್ಲ. ಹೇಳಬಲ್ಲವನು ನಾನೊಬ್ಬನೇ. ನಕ್ಷೆ ತಪ್ಪು, ಇದ್ದಿಲು ಸಿಕ್ಕಿತು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಬಾಗಿಲ ಬಳಿ ಅನ್ನನ ಇಬ್ಬರು ನಿಂತಿದ್ದರು.

ಅಧಿಕಾರಿ ಕೇಳಿದರು, “ಈ ನಕ್ಷೆ ಸರಿಯಾಗಿದೆಯೇ?”

“ಸರಿಯಾಗಿದೆ,” ಎಂದೆ.

ಹೊರಗೆ ಮೆಟ್ಟಿಲ ಮೇಲೆ ಸಂಗಮ್ಮನ ಅಣ್ಣ ನನ್ನ ಕೊರಳಪಟ್ಟಿ ಹಿಡಿದ. ಆಕೆಯೇ ಬಿಡಿಸಿದಳು. “ಬಿಡೋ ಅಣ್ಣಾ. ಅವರ ಕಾಲು ಖರೆ ಹೇಳ್ಯಾವ. ಬಾಯಿಗೆ ಅಂಜಿಕಿ ಐತಿ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ.

ಈ ಕಸುಬನ್ನು ನಾನು ಬಿಟ್ಟಿಲ್ಲ. ಆಮೇಲೂ ಎರಡು ಊರುಗಳಲ್ಲಿ ಜನ ನನಗೆ ಮಣ್ಣಿನ ಬುಟ್ಟಿ ಹೊರಲು ಹೇಳಿದರು, ನೀವು ಹೊರಗಿನವರು, ನೀವೇ ಹೊರಬೇಕು ಎಂದರು. ಬೆನ್ನುನೋವೆಂದು ಹೇಳಿ ಎರಡು ಸಲವೂ ತಪ್ಪಿಸಿಕೊಂಡೆ. ನನ್ನ ಬೆನ್ನಿಗೆ ಏನೂ ಆಗಿಲ್ಲ.