ಮಾಲೆ ಗೂಟದ ಮೇಲೆ, ಖೀಮಾ ಒಲೆಯ ಮೇಲೆ

ಅವರ ಬಲಗೈ ತೋರುಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟೊಂದಿತ್ತು. ಚಾಕುವಿನ ಹಿಡಿ ತಿಕ್ಕಿ ತಿಕ್ಕಿ ಆದದ್ದು. ಸಂಜೆ ಹುಣಸೆಮರದ ಕೊರಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಯಲ್ಲಿ ಒಂದೊಂದು ಚಾಕು ಹಿಡಿದು ಕುರಿಯ ಮಾಂಸ ಕೊಚ್ಚತೊಡಗಿದರೆ ಆ ಸದ್ದು ಟಿಕೋಟಾದ ನಮ್ಮ ಓಣಿಯ ತುದಿಗೂ ಕೇಳುತ್ತಿತ್ತು. ಅವರು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕೈದು ವರ್ಷವಿರುವಾಗ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಅಷ್ಟರಲ್ಲಿ ಅವರ ಗಂಡ ತೀರಿಹೋಗಿದ್ದರು.

ನಮ್ಮ ಮಾವನಿಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ನಾಲಿಗೆ ಮಾತ್ರ ಎರಡಾಳಿನಷ್ಟಿತ್ತು. ತುಂಡು ಅಗಿಯಲಾಗದು, ಮಾಂಸ ಬಿಡಲಾಗದು. ವಿಜಾಪುರದ ಚೌಕದಲ್ಲಿ ಕಾಳಿನ ವ್ಯಾಪಾರ ಮುಗಿಸಿ, ಸಂಜೆಯ ಮೋಟಾರಿಗೆ ಬರುವಾಗ ಮುತ್ತುಗದ ಎಲೆಯಲ್ಲಿ ಮಾಂಸ ಕಟ್ಟಿಸಿಕೊಂಡೇ ಬರುತ್ತಿದ್ದರು. ಸೋಮವಾರ, ಶನಿವಾರ, ಏಕಾದಶಿ ಬಿಟ್ಟರೆ ನಮ್ಮ ಮನೆಯ ರಾತ್ರಿಯ ಊಟವೆಂದರೆ ಬಿಸಿ ಜೋಳದ ರೊಟ್ಟಿ ಮತ್ತು ಆ ಕೊಚ್ಚಿದ ಮಾಂಸದ ಖೀಮಾ. ಹಬ್ಬದ ಅಡಿಗೆಯೇನಲ್ಲ. ಇದ್ದ ಒಂದು ಹಿಡಿ ಮಾಂಸಕ್ಕೆ ಒಂದು ದಿನ ಸಬ್ಬಸಿಗೆ ಸೊಪ್ಪು, ಇನ್ನೊಂದು ದಿನ ನೆನೆಸಿದ ಕಡಲೆಬೇಳೆ, ಮತ್ತೊಂದು ದಿನ ಮೆಂತ್ಯದ ಸೊಪ್ಪು ಕೂಡಿಸಿ ಮನೆಮಂದಿಗೆಲ್ಲ ಸಾಲುವಂತೆ ಮಾಡುವುದು.

ನನಗೆ ಕಲಿಸಿದವರು ಅವರೇ. ಖೀಮಾಕ್ಕೆ ಉಪ್ಪು ಅರಿಶಿನ ಸವರಿ ಬರಿ ಗಡಿಗೆಗೆ ಹಾಕಿ ಮುಚ್ಚಿಡುತ್ತಿದ್ದರು. ನಾನು ತಂಬಿಗೆಗೆ ಕೈ ಹಾಕಿದರೆ ಗದರುತ್ತಿದ್ದರು.

"ನೀರು ಹಾಕಬ್ಯಾಡ ಬೇ. ಅದರ ನೀರು ಅದಕ್ಕ ಸಾಕು. ಮಂದಿ ನೀರು ಕುಡಿದ ಮಾಂಸ ಮಂದೀದ ಆಗತೈತಿ."

ಆ ನೀರು ಇಂಗಿ ಮಾಂಸ ಕೊಬ್ಬು ಬಿಟ್ಟ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಕೆಂಡದ ಮೇಲೆ ಸುಟ್ಟ ಕೊಬ್ಬರಿಯ ಪುಡಿ, ಮಸಾಲೆ ಖಾರ. ಕೊನೆಗೆ ಸೊಪ್ಪು. ಇಷ್ಟೇ. ಆದರೆ ಉಪ್ಪು ನೋಡುವ ಹೊತ್ತಿಗೆ ಅವರು ಸೌಟು ನನ್ನ ಕೈಗೆ ಕೊಡುತ್ತಿದ್ದರು. "ನೋಡ ತಂಗಿ, ನನಗ ಇಲ್ಲ."

ಇಲ್ಲ ಯಾಕೆಂದರೆ ಅವರ ಕೊರಳಿಗೆ ತುಳಸಿಮಾಲೆ ಬಿದ್ದಿತ್ತು. ನಮ್ಮ ಕಡೆ ಪಂಢರಪುರಕ್ಕೆ ಹೋಗಿ ಮಾಲೆ ಹಾಕಿಸಿಕೊಂಡವರು ಮಾಂಸ ಮುಟ್ಟುವುದಿಲ್ಲ. ಮನಸ್ಸಿದ್ದವರು ತಾವೇ ಹೋಗಿ ಹಾಕಿಸಿಕೊಳ್ಳುತ್ತಾರೆ, ಅದರ ಮಾನ ದೊಡ್ಡದು. ಇವರಿಗೆ ಹಾಗಲ್ಲ. ಗಂಡ ಸತ್ತ ವರ್ಷವೇ ಮಾವ ಕರೆದುಕೊಂಡು ಹೋಗಿ ಹಾಕಿಸಿ ತಂದಿದ್ದರು. ಗಂಡನಿಲ್ಲದವಳಿಗೆ ಮಾಂಸ ಯಾಕೆ ಎಂಬುದು ಅವರ ಲೆಕ್ಕಾಚಾರ. ಮಾಲೆಯವರು ಮಾಂಸ ಮುಟ್ಟುವ ಹಾಗಿಲ್ಲ, ಸರಿ, ಹಾಗಾದರೆ ಈ ಬೊಚ್ಚುಬಾಯಿಗೆ ಖೀಮಾ ಕೊಚ್ಚುವವರು ಯಾರು? ಅದಕ್ಕೂ ಮಾವ ದಾರಿ ಕಂಡುಹಿಡಿದಿದ್ದರು. ಹಿತ್ತಲ ಗೋಡೆಗೆ ಒಂದು ಗೂಟ ಬಡಿಸಿದರು. ಅಡಿಗೆಗೆ ಕೂಡುವಾಗ ಮಾಲೆ ತೆಗೆದು ಗೂಟಕ್ಕೆ ಹಾಕುವುದು, ಅಡಿಗೆ ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡು ಮತ್ತೆ ಕೊರಳಿಗೆ ಹಾಕಿಕೊಳ್ಳುವುದು. ಮಾಡಲು ಮಾಲೆ ಇಲ್ಲ, ತಿನ್ನಲು ಮಾಲೆ ಇದೆ! ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಮಾಲೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ನನಗೂ ಇಲ್ಲ. ಅವರೇ ಒಮ್ಮೆ ಹೇಳಿದ್ದರು: "ವಿಠ್ಠಲ ನನ್ನ ಕೇಳಿಲ್ಲ, ನಾನೂ ವಿಠ್ಠಲನ್ನ ಬೇಡಿಲ್ಲ. ನಡುವ ಮಾವ ಕುಂತ ವ್ಯವಹಾರ ಮುಗಿಸ್ಯಾನ."

ಮಾವನ ಮೇಲಿನ ಸಿಟ್ಟೆಲ್ಲ ಹೋಗುತ್ತಿದ್ದುದು ಕೊರಡಿನ ಮೇಲೆ. ಸಿಟ್ಟು ಹೆಚ್ಚಿದ ದಿನ ಖೀಮಾ ಮತ್ತಷ್ಟು ಸಣ್ಣಗಾಗುತ್ತಿತ್ತು. ಗಂಡಸರು ಬೆರಳು ಚೀಪುತ್ತ "ಇವತ್ತಿಂದು ಭಾರಿ ಆಗೇತಿ" ಎನ್ನುತ್ತಿದ್ದರು. ಒಬ್ಬ ಹೆಂಗಸಿನ ಸಿಟ್ಟನ್ನು ಅವರು ರುಚಿ ಎಂದು ತಿಂದರು.

ಒಂದು ಮಂಗಳವಾರ ಕನಮಡಿಯಿಂದ ಬೀಗರೊಬ್ಬರು ಬಂದಿದ್ದರು. ಖೀಮಾ ಬಾಯಿಗಿಟ್ಟವರೇ ಅಡಿಗೆ ಮಾಡಿದವರಾರು ಎಂದು ಕೇಳಿದರು. ಮಾವ ಹೆಮ್ಮೆಯಿಂದ ಹೇಳಿದರು, "ನಮ್ಮ ಹಿರಿ ಸೊಸಿ. ಮಾಲಿಯಾಕಿ ನೋಡ್ರಿ. ಗಂಡ ಹೋದ ಮ್ಯಾಲ ಅತ್ತು ಕರದು, ತಾನಾಗೇ ಬೇಡಿ ಹಾಕಿಸ್ಕೊಂಡಾಳ."

ಒಲೆಯ ಮುಂದಿದ್ದ ನೆಗೆಣ್ಣಿ ಅದನ್ನು ಕೇಳಿದರು. ತಾಟು ತೆಗೆದುಕೊಂಡರು. ಗಡಿಗೆಯಲ್ಲಿದ್ದ ಖೀಮಾ ಬಡಿಸಿಕೊಂಡು, ಗಂಡಸರ ಪಂಕ್ತಿಗೆ ಎದುರಾಗಿ ಹಿತ್ತಲ ಬಾಗಿಲಲ್ಲೇ ಕೂತು ತುತ್ತು ಬಾಯಿಗಿಟ್ಟರು. ನಾನು ಹಂಚಿನ ಮೇಲಿದ್ದ ಬಿಸಿ ರೊಟ್ಟಿ ತಂದು ಅವರ ತಾಟಿಗೆ ಹಾಕಿದೆ. ನನ್ನ ಗಂಡ ತಮ್ಮ ತಾಟಿನಿಂದ ಕಣ್ಣು ಎತ್ತಲಿಲ್ಲ.

ಮಾವ ಚೀರಿದರು. "ಏನಬೇ ಇದು! ಮಾಲಿ ಎಲ್ಲಿ?"

"ಗೂಟದ ಮ್ಯಾಲ ಐತ್ರಿ. ಮಾಲಿ ತಿನ್ನಾಕತ್ತಿಲ್ಲ, ನಾ ತಿನ್ನಾಕತ್ತೇನಿ. ನಾ ಬೇಡಿಲ್ರಿ ಮಾವಾ, ಸುಳ್ಳು ಹೇಳಬ್ಯಾಡ್ರಿ."

"ಮಾಲಿ ಹಾಕ್ಕೋ, ಇಲ್ಲಾ ಮನಿ ಬಿಡು."

ಅವರು ರೊಟ್ಟಿ ಪೂರ್ತಿ ಮುಗಿಸಿದರು. ಅವಸರ ಮಾಡಲಿಲ್ಲ. ಕೈ ತೊಳೆದು, ಚಾಕುಗಳನ್ನು ಒರೆಸಿ ಸೆರಗಿನಲ್ಲಿ ಸುತ್ತಿದರು. ಬೆಳಗಾಗುತ್ತಲೇ ಬಬಲೇಶ್ವರದ ಅಣ್ಣನ ಮನೆಗೆ ಹೊರಟುಹೋದರು. ಮಾಲೆ ಗೂಟದಲ್ಲೇ ಉಳಿಯಿತು.

ಆಮೇಲೆ ಕೊಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಬಾಯಲ್ಲಿ ಹೊರಳಿಸಿ ಹೊರಳಿಸಿ ಸೋತು, "ದಪ್ಪ ಆಗೇತಿ" ಎಂದು ತಾಟು ಸರಿಸುತ್ತಿದ್ದರು. "ಅಕ್ಕನಷ್ಟು ಸಿಟ್ಟು ನನಗ ಇನ್ನೂ ಬಂದಿಲ್ರಿ" ಎಂದು ನಾನು ಹೇಳುತ್ತಿದ್ದೆ. ಕೊನೆಗೆ ಹೊಟ್ಟೆ ಸೋತು, ಬಬಲೇಶ್ವರದ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿದರು, ಆದದ್ದು ಆಯಿತು, ಬಂದು ಮಾಲೆ ಹಾಕಿಕೊಂಡು ಇರಲಿ ಎಂದು. ಅಲ್ಲಿಂದ ಬಂದ ಉತ್ತರ ಓಣಿಗೆಲ್ಲ ಗೊತ್ತಾಯಿತು: "ಅದನ್ನ ಮಾವಗ ತನ್ನ ಕೊಳ್ಳಾಗ ಹಾಕ್ಕೊಳ್ಳಾಕ ಹೇಳ್ರಿ. ಅವತ್ತ ಬರ್ತೇನಿ."

ಮಾವ ಹಾಕಿಕೊಳ್ಳಲಿಲ್ಲ, ನೆಗೆಣ್ಣಿ ಬರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಬಬಲೇಶ್ವರದಲ್ಲೇ ಜ್ವರಕ್ಕೆ ತೀರಿಕೊಂಡರು.

ನಾವೆಲ್ಲ ಹೋದೆವು. ಹೆಣಕ್ಕೆ ನೀರು ಹಾಕಿ ಕೂಡಿಸಿದ್ದರು. ಮಾವ ಜೇಬಿನಿಂದ ಅರಿವೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಅದೇ ಮಾಲೆ. ಸತ್ತಾಗಲಾದರೂ ಮನೆತನದ ಮರ್ಯಾದೆಗೆ ಕೊರಳಲ್ಲಿರಲಿ ಎಂದು ಕೈ ಮುಂದೆ ಮಾಡಿದರು. ನಾನು ಆ ಮನೆಯಲ್ಲಿ ಮಾವನ ಎದುರು ಸೆರಗು ಸರಿಸಿದವಳಲ್ಲ. ಅಂದು ಅವರ ಮಣಿಕಟ್ಟು ಹಿಡಿದೆ.

"ಅಕ್ಕ ಬದುಕಿದ್ದಾಗ ಬ್ಯಾಡ ಅಂದಾಳ್ರಿ. ಗೂಟದ್ದು ಗೂಟಕ್ಕ ಹಾಕ್ರಿ."

ಅಷ್ಟು ಜನರಲ್ಲಿ ಯಾರೂ ನನ್ನ ಕೈ ಬಿಡಿಸಲು ಬರಲಿಲ್ಲ. ನೆಗೆಣ್ಣಿ ಬರಿ ಕೊರಳಿನಲ್ಲೇ ಹೋದರು.

ಮೂರನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಮಾವ ಸಿಹಿ ಸಜ್ಜಕ ಮಾಡಿರೆಂದರು. ನಾನು ಬಬಲೇಶ್ವರದಲ್ಲಿ ನೆಗೆಣ್ಣಿಯ ಅಣ್ಣನ ಹತ್ತಿರ ಕೇಳಿ ತಂದಿದ್ದ ಆ ಎರಡು ಚಾಕು ಹಿಡಿದು ನಮ್ಮ ಮನೆಯ ಕೊರಡಿನ ಮುಂದೆ ಕೂತೆ. ಎಷ್ಟು ಹೊತ್ತು ಕೊಚ್ಚಿದೆನೋ. ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಕೈ ಬಿಟ್ಟು ನೋಡಿದಾಗ ಖೀಮಾ ಹಿಟ್ಟಿನಂತೆ ಸಣ್ಣಗಾಗಿತ್ತು, ಹಲ್ಲಿಲ್ಲದವರೂ ನುಂಗುವಷ್ಟು. ನೀರು ಹಾಕದೆ ಬೇಯಿಸಿದೆ. ಮೊದಲ ತಾಟು ಅಕ್ಕನಿಗೆ ಎಡೆ ಇಟ್ಟೆ, ಎರಡನೆಯದನ್ನು ನಾನು ಬಡಿಸಿಕೊಂಡು ಕೂತೆ. ಖಾಲಿ ತಾಟು ಮುಂದಿಟ್ಟುಕೊಂಡು ಮಾವ ನನ್ನ ಊಟ ಮುಗಿಯುವವರೆಗೂ ಕಾದರು.