ಬಾಣಂತಿ ಮನೆಯಿಂದ ಫೋಟೋ ಅಂಗಡಿಗೆ

ಸುರಪುರದ ಮೌನಮ್ಮನಿಗೆ ಬೆಳಗಾಗುವುದು ಬೇರೆಯವರ ಬಚ್ಚಲಲ್ಲಿ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದನ್ನು ಅವಳು ತಾಯಿಯಿಂದ ಕಲಿತಿದ್ದಳು. ಶಹಾಪುರದ ಗಂಡನ ಮನೆ ಬಿಟ್ಟು ಬಂದ ವರ್ಷವೇ ತಾಯಿಯೂ ತೀರಿಕೊಂಡಳು, ಕೆಲಸ ಉಳಿಯಿತು. ಆದರೆ ಬಾಣಂತನ ಮುಗಿಯುತ್ತಲೇ ಆ ಮನೆಯವರಿಗೆ ಅವಳ ನೆನಪೂ ಮುಗಿಯುತ್ತದೆ. ಎರೆದು ಬೆಳೆಸಿದ ಕೂಸು ಆಮೇಲೆ ಸಂತೆಯಲ್ಲಿ ಎದುರಾದರೆ ಹೊಸಬರನ್ನು ಕಂಡಂತೆ ಅಳುತ್ತದೆ.

ಮಧ್ಯಾಹ್ನದ ಹೊತ್ತು ಹೋಗದೆ ಅವಳು ಬಜಾರಿನ ಖಾಜಾಮಿಯಾ ಅವರ ಫೋಟೋ ಅಂಗಡಿ ಸೇರಿದಳು. ಮೊದಲು ಕಸ ಹೊಡೆಯಲು, ಚೌಕಟ್ಟಿಗೆ ಗಾಜು ಕೂರಿಸಲು. ಖಾಜಾಮಿಯಾರ ಕಣ್ಣು ಮಂಜಾದಾಗ ಕಂಪ್ಯೂಟರಿನ ಮುಂದೆ ಅವಳನ್ನೇ ಕೂರಿಸಿ ಕಲಿಸಿದರು. ತೀರಿಹೋದವರ ಪಟ ಮಾಡುವುದೇ ಅಲ್ಲಿ ಹೆಚ್ಚಿನ ಕೆಲಸ. ಮದುವೆಯ ಗುಂಪಿನಿಂದಲೋ ಆಧಾರ್ ಕಾರ್ಡಿನಿಂದಲೋ ಮುಖ ತೆಗೆದು, ಹರಿದದ್ದನ್ನು ಕೂಡಿಸಿ, ಹಿಂದೆ ನೀಲಿ ಬಣ್ಣ ಹಾಕುವುದು.

ಕಡೇಚೂರಿನ ಔಷಧ ಕಾರ್ಖಾನೆಯಲ್ಲಿದ್ದ ತಮ್ಮ ಬಾಲರಾಜನಿಗೆ ಇದು ಸರಿಬರಲಿಲ್ಲ.

“ಯಕ್ಕಾ, ಮುಂಜಾನಿ ಒಂದು, ಮಧ್ಯಾಹ್ನ ಒಂದು, ಇದೇನು ಬಾಳೇವು? ಇಲ್ಲಿ ಬಾ. ಒಂದೇ ಕೆಲಸ, ಒಂದೇ ಪಗಾರ.”

ಹೋದಳು. ಅಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ದಿನವಿಡೀ ಡಬ್ಬಿ ಮುಚ್ಚಿ ಕೋಣೆಗೆ ಬಂದರೆ ಏನು ಮಾಡಿದೆನೆಂದು ಕೈಗೇ ನೆನಪಿರುತ್ತಿರಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಸುರಪುರಕ್ಕೆ ವಾಪಸಾದಳು. ಸಿಟ್ಟಿಗೆದ್ದ ಬಾಲರಾಜ ಫೋನು ಮಾಡುವುದನ್ನೇ ಬಿಟ್ಟ.

ಆ ಮಳೆಗಾಲದಲ್ಲಿ ರಂಗಂಪೇಟೆಯ ವೆಂಕಟಪ್ಪ, ತೀರಿಹೋದ ಹೆಂಡತಿ ಹನುಮಮ್ಮನ ಆಧಾರ್ ಕಾರ್ಡು ಹಿಡಿದು ಅಂಗಡಿಗೆ ಬಂದ. ಕಾರ್ಡಿನ ಮುಖಕ್ಕೆ ಮಸಿ ಮೆತ್ತಿದಂತಿತ್ತು.

“ಇದೊಂದೇ ಅದ ನೋಡವ್ವಾ. ಇದರಾಗ ಆಕಿ ಆಕಿನಂಗ ಇಲ್ಲ.”

ಆ ಹನುಮಮ್ಮ ಮೌನಮ್ಮನಿಗೆ ಗೊತ್ತಿದ್ದವಳೇ. ಹಿಂದಿನ ವರ್ಷ ಅವರ ಮೊಮ್ಮಗಳಿಗೆ ಎರೆದದ್ದು ಇವಳು. ಹನುಮಮ್ಮ ಒಲೆಗೆ ಕಟ್ಟಿಗೆ ಒಟ್ಟುತ್ತ, ಕೂಸು ಅತ್ತರೆ “ಮೆಲ್ಲಕ ಎರಿ, ಮೆಲ್ಲಕ” ಎಂದು ಬೈಯುತ್ತಿದ್ದಳು. ಬೈದ ಮೇಲೆ ಬಾಯಿಯ ಎಡತುದಿ ಒಂಚೂರು ಮೇಲೇಳುತ್ತಿತ್ತು. ಅದನ್ನೇ ನೆನೆಯುತ್ತ ಮೌನಮ್ಮ ಮಸಿ ತೆಗೆದಳು, ಹುಬ್ಬು ತಿದ್ದಿದಳು, ತುಟಿಯ ತುದಿಯನ್ನು ಕೂದಲೆಳೆಯಷ್ಟು ಎತ್ತಿದಳು.

ವೆಂಕಟಪ್ಪ ಪಟದೊಳಗಿನ ತುಟಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಈಗ ಬೈತಾಳ ನೋಡು,” ಅಂದ. “ನಿನಗ ಹ್ಯಾಂಗ ಗೊತ್ತವ್ವಾ ಇದು?”

“ನಿಮ್ಮ ಮನ್ಯಾಗ ಕೂಸಿಗಿ ಎರಿತಿದ್ದೆನ್ರಿ. ನೆನಪಿಲ್ಲೇನ್ರಿ?”

ಅವನಿಗೆ ನೆನಪಿರಲಿಲ್ಲ. ಹಿತ್ತಲ ಬಾಗಿಲಿಂದ ಬಂದು ಹೋಗುತ್ತಿದ್ದ ಹೆಂಗಸಿನ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಪಟವನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೋದ.

ಒಳಗಿನಿಂದ ಕೇಳುತ್ತಿದ್ದ ಖಾಜಾಮಿಯಾ ಹೇಳಿದರು: “ಇನ್ನ ಅಂಗಡಿ ನೀನೇ ನೋಡಿಕೋ ಬೇಟಿ. ಆ ನೀರು ಎರಿಯೋದು ಬಿಡು.”

“ಅದು ಬಿಟ್ರ ಇದೂ ಬರಂಗಿಲ್ಲ್ರಿ ಚಾಚಾ.”

ಅಂಗಡಿ ಒಪ್ಪಿಕೊಂಡಳು, ಎರೆಯುವುದನ್ನೂ ಬಿಡಲಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕೆಂದು ಮತ್ತೆಂದೂ ಅವಳಿಗೆ ಅನಿಸಲಿಲ್ಲ.

ಆ ಸಂಜೆ ಮನೆಗೆ ಬಂದಾಗ ಹನುಮಮ್ಮನ ಪಟದ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ. ರೊಟ್ಟಿ ಬಡಿಯುತ್ತ, ಮೊದಲಿಂದ ಕೊನೆಯವರೆಗೂ, ತನಗೆ ತಾನೇ ಜೋರಾಗಿ ಹೇಳಿಕೊಂಡಳು. ನಡುವೆ ಒಮ್ಮೆ ನಕ್ಕಳು ಕೂಡ. ಮೌನಮ್ಮನ ಮನೆಗೆ ಯಾರೋ ಬೀಗರು ಬಂದಿದ್ದಾರೆ ಎಂದುಕೊಂಡರು ಪಕ್ಕದ ಮನೆಯವರು.